ಖಾಲಿ ಗೋಡೆಯ ಮುಖ

ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡವರಿಗೆ ಬೇಕಾಗಿದ್ದದ್ದು ಒಂದು ಬಳೆ. ಆ ಬಳೆಯೊಳಗೆ ಒಂದು ಕೊಂಡಿ ಇದ್ದೇ ಇರುತ್ತದೆ ಎಂದು ಅವರು ವರ್ಷಗಳಿಂದ ಸಭೆ ಸಭೆಯಲ್ಲೂ ಹೇಳಿಕೊಂಡು ಬಂದಿದ್ದರು. ಜರಡಿ ಅದನ್ನು ಹುಡುಕಿ ಕೊಟ್ಟಳು.

ಜರಡಿ ಎನ್ನುವುದು ಪ್ರಯೋಗಾಲಯದವರು ಆಕೆಗೆ ಇಟ್ಟ ಹೆಸರು. ಚಿತ್ರಗಳನ್ನು ಸೋಸುವುದು ಅವಳ ಕೆಲಸ. ಬ್ರೆಡ್ಡು ಉಬ್ಬಿಸುವ ಈಸ್ಟ್ ಇದೆಯಲ್ಲ, ಅದರ ಒಂದೊಂದು ಕಣವೂ ಒಂದೊಂದು ಜೀವ. ಒಂದು ಎರಡಾಗುವಾಗ ಒಳಗಿನ ಆಸ್ತಿಯನ್ನು ಸಮಸಮ ಪಾಲು ಮಾಡಬೇಕು. ಅಣ್ಣತಮ್ಮಂದಿರ ಹಾಗೆ ಕೊಡಲಿ ಹಿಡಿದು ನಿಲ್ಲುವಂತಿಲ್ಲ. ಪಾಲನ್ನು ಆ ಕಡೆ ಈ ಕಡೆ ಎಳೆಯಲು ಸೂಕ್ಷ್ಮವಾದ ನಳಿಕೆಗಳಿವೆ. ಆ ನಳಿಕೆಗಳೆಲ್ಲ ಹುಟ್ಟುವುದು ಕೋಶಕೇಂದ್ರದ ಗೋಡೆಯಲ್ಲಿ ಅಂಗಿಯ ಗುಂಡಿಯಂತೆ ಕೂತಿರುವ ಒಂದು ಬಿಲ್ಲೆಯಿಂದ. ಬಿಲ್ಲೆಯ ಮೇಲೆ ನಳಿಕೆಗೊಂದರಂತೆ ಬಳೆ. ಬಳೆಯ ಬಾಯಿಂದಲೇ ನಳಿಕೆ ಮೊಳೆಯುವುದು. ಇದಿಷ್ಟು ಲೋಕಕ್ಕೆಲ್ಲ ಗೊತ್ತಿದ್ದದ್ದು. ಬಳೆ ಅಗಲವಾಗದಂತೆ ಒಳಗಿನಿಂದ ಬಿಗಿಹಿಡಿಯುವ ಕೊಂಡಿಯೊಂದಿದೆ ಎನ್ನುವುದು ಮಾತ್ರ ದೊಡ್ಡವರ ಸ್ವಂತ ಮಾತು.

ನೋಡುವುದು ಸುಲಭವಲ್ಲ. ಈಸ್ಟನ್ನು ಕಣ್ಣುಮಿಟುಕಿಸುವುದರೊಳಗೆ ಹೆಪ್ಪುಗಟ್ಟಿಸಿ, ಕೋಶವನ್ನು ಎರಡೂ ಕಡೆಯಿಂದ ಕೆತ್ತಿ ಪೊರೆಯಷ್ಟು ತೆಳ್ಳಗೆ ಮಾಡಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹೊಟ್ಟೆಗೆ ಇಡಬೇಕು. ಎಲೆಕ್ಟ್ರಾನ್ ಹೆಚ್ಚು ಹರಿಸಿದರೆ ನೋಡಬೇಕಾದದ್ದೇ ಸುಟ್ಟುಹೋಗುತ್ತದೆ. ಕಡಿಮೆ ಹರಿಸಿದರೆ ತೆರೆಯ ಮೇಲೆ ಬೂದಿ ಚೆಲ್ಲಿದ ಹಾಗೆ ಬರೀ ಕಪ್ಪುಬಿಳಿ ಮರಳು. ಆ ಮರಳಿನಲ್ಲಿ ಬಳೆ ಇರಬಹುದು ಎನ್ನಿಸಿದ ಜಾಗವನ್ನೆಲ್ಲ ಜರಡಿ ಚೌಕಚೌಕವಾಗಿ ಕತ್ತರಿಸಿ ತೆಗೆಯುತ್ತಿದ್ದಳು. ಸಾವಿರಾರು ಚೂರುಗಳು. ಒಂದರ ಮೇಲೊಂದು ಸರಿಯಾಗಿ ಕೂರಿಸಿದರೆ ಮರಳು ಮರಳನ್ನು ಕೊಂದುಕೊಂಡು, ಎಲ್ಲದರಲ್ಲೂ ಇರುವ ಆಕಾರ ಮಾತ್ರ ಉಳಿಯುತ್ತದೆ. ಸರಿಯಾಗಿ ಕೂರಿಸಲು ಕಂಪ್ಯೂಟರಿಗೆ ಒಂದು ಅಚ್ಚು ಕೊಡಬೇಕು: ನೋಡು, ಇದರಂತೆ ಕಾಣುವವರೆಗೆ ಪ್ರತಿ ಚೂರನ್ನೂ ತಿರುಗಿಸು, ಸರಿಸು ಎಂದು. ಅಚ್ಚನ್ನು ಕೊಟ್ಟವರು ದೊಡ್ಡವರು. ಕೊಂಡಿ ಇರುವ ಬಳೆಯ ಅಚ್ಚು.

ಕೊಂಡಿ ಇರುವ ಬಳೆಯೇ ಬಂತು. ಎಷ್ಟು ಚಂದ ಬಂತೆಂದರೆ ದೊಡ್ಡವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪ್ರಯೋಗಾಲಯದಲ್ಲಿ ಸಿಹಿ ಹಂಚಿದರು. ಆ ಚಿತ್ರವನ್ನು ಆಳೆತ್ತರಕ್ಕೆ ಮುದ್ರಿಸಿ, ಗಾಜು ಹಾಕಿಸಿ, ಮೆಟ್ಟಿಲು ಹತ್ತುತ್ತಿದ್ದಂತೆ ಎದುರಾಗುವ ಗೋಡೆಗೆ ನೇತುಹಾಕಿದರು. ಜರಡಿ ಗುತ್ತಿಗೆಯ ಮೇಲಿದ್ದವಳು. ಆ ಸಂಜೆ ಅವಳನ್ನೂ ಫೋಟೋಗೆ ಕರೆದು ಅಂಚಿನಲ್ಲಿ ನಿಲ್ಲಿಸಿಕೊಂಡರು.

ಫೋಟೋ ತೆಗೆಯುವವನು "ನಗಿ ಮೇಡಂ, ನಗಿ" ಅಂದ. ಅವಳಿಗೆ ನಗು ಬರಲಿಲ್ಲ. ಅವಳ ತಮ್ಮ ಕಾಣೆಯಾಗಿ ಆಗಲೇ ಬಹಳ ದಿನವಾಗಿತ್ತು.

ತಮ್ಮನ ಕೆಲಸವೂ ಈಸ್ಟಿನದೇ. ಊರಂಚಿನ ಈಸ್ಟ್ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುವವನು. ಮನೆಗೆ ಬಂದರೆ ಅವನ ಜೊತೆ ಹುಳಿ ವಾಸನೆಯೂ ಬಂದು ಅದೇ ಮಂಚದಲ್ಲಿ ಮಲಗುತ್ತಿತ್ತು. "ಅಕ್ಕಾ, ವರ್ಷವಿಡೀ ಕಣ್ಣು ಕಿತ್ಕೊಂಡು ನೀನು ನೋಡೋ ಈಸ್ಟು ನನ್ನ ಒಂದು ಉಗುರಲ್ಲಿದೆ ನೋಡು," ಎಂದು ಕೈ ಮುಂದೆ ಚಾಚುತ್ತಿದ್ದ. "ನಿನಗೆ ಸಂಬಳ, ನನಗೆ ಕೂಲಿ. ಇದ್ಯಾವ ನ್ಯಾಯ ಹೇಳು." ತಾಯಿ ಒಳಗಿನಿಂದಲೇ, "ಮೊದ್ಲು ಆ ಉಗುರು ತೊಳ್ಕೊಂಡು ಬಾರೋ, ಆಮೇಲೆ ನ್ಯಾಯ ಕೇಳು," ಎನ್ನುತ್ತಿದ್ದಳು.

ಈಸ್ಟ್ ಉಸಿರಾಗಿ ಹೊರಬಿಡುವುದು ಮನುಷ್ಯನನ್ನು ಕೊಲ್ಲುವ ಗಾಳಿಯನ್ನು. ಅದಕ್ಕೆ ಬಣ್ಣವಿಲ್ಲ, ಖಾಲಿ ತೊಟ್ಟಿಯ ತಳದಲ್ಲಿ ನೀರಿನ ಹಾಗೆ ನಿಂತಿರುತ್ತದೆ. ತಮ್ಮನ ಜೊತೆಗಾರನೊಬ್ಬ ತೊಟ್ಟಿಗಿಳಿದವನು ಮೇಲೆ ಬರಲಿಲ್ಲ. ಅವನ ಹೃದಯ ಮೊದಲೇ ದುರ್ಬಲವಾಗಿತ್ತು ಎಂದಿತು ಕಾರ್ಖಾನೆ. ಸತ್ತವನ ಹೃದಯದ ಮೇಲೆ ಮಾಲೀಕರಿಗೆ ಬರುವಷ್ಟು ಕಾಳಜಿ ಬದುಕಿರುವವನ ಶ್ವಾಸಕೋಶದ ಮೇಲೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇಳಿಯುವ ಮುಂಚೆ ಗಾಳಿ ಅಳೆಯಿರಿ, ಅಷ್ಟೇ ಕೇಳಿ ಕೂಲಿಗಳು ಗೇಟಿನಲ್ಲಿ ಕೂತರು. ಮೊದಲ ಸಾಲಿನಲ್ಲೇ ತಮ್ಮ ಇದ್ದ. ಮಂಜು ಕವಿದ ಒಂದು ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಅವನು ಇರಲಿಲ್ಲ.

ಕಾರ್ಖಾನೆಯವರು ಹೇಳಿದರು: ನಮ್ಮ ಗೇಟಿನಿಂದ ಯಾರನ್ನೂ ಯಾರೂ ಕರೆದೊಯ್ದಿಲ್ಲ, ಯಾವ ವ್ಯಾನೂ ಬಂದಿಲ್ಲ. ಪೊಲೀಸರು ಹೇಳಿದರು: ನಾವು ಹಿಡಿದಿಲ್ಲ, ಹುಡುಗ ಎಲ್ಲೋ ಓಡಿಹೋಗಿರಬೇಕು, ಯಾವ ಹುಡುಗಿಯ ಹಿಂದೆಯೋ.

ಕೂಲಿಗಳ ಪರವಾಗಿ ನಿಂತ ವಕೀಲೆ ವಯಸ್ಸಾದವಳು. ಹಿಮ್ಮಡಿ ಸವೆದ ಚಪ್ಪಲಿಯಲ್ಲೇ ಕಚೇರಿ ಕಚೇರಿ ಸುತ್ತಿ, ಎಲ್ಲರ ಬಾಯಿಂದಲೂ ಇಲ್ಲ ಎನಿಸಿಕೊಂಡು, ಕೊನೆಗೆ ಗೇಟಿನ ಎದುರಿನ ಒಂದು ಟಯರ್ ಅಂಗಡಿಯ ಕ್ಯಾಮೆರಾದಲ್ಲಿ ಆ ಬೆಳಗಿನ ತುಣುಕನ್ನು ಹಿಡಿದು ತಂದಳು. ಮಂಜು, ಬೂದು. ಕಾಂಪೌಂಡಿನ ಬಿಳಿ ಗೋಡೆ. ಗೋಡೆಯ ಪಕ್ಕದಲ್ಲಿ ಒಂದು ವ್ಯಾನು. ಇಬ್ಬರು ಮೂರನೆಯವನನ್ನು ಒಳಗೆ ತಳ್ಳುತ್ತಾರೆ. ಮೂರನೆಯವನ ಮುಖ ಹೆಬ್ಬೆರಳಿನಲ್ಲಿ ಉಜ್ಜಿ ಅಳಿಸಿದ ಹಾಗಿದೆ.

"ನೋಡಮ್ಮ, ನೀವು ಕಣ್ಣಿಗೆ ಕಾಣದ್ದನ್ನೆಲ್ಲ ಕಾಣಿಸೋರಂತೆ," ಎಂದಳು ವಕೀಲೆ. "ಈ ಮೋರೆ ಒಂದಿಷ್ಟು ಕಾಣಿಸಿ ಕೊಡಿ. ಇವನು ನಿಮ್ಮ ತಮ್ಮನೇ ಅಂತ ಕೋರ್ಟಿಗೆ ತೋರಿಸಿಬಿಟ್ರೆ, ವ್ಯಾನು ಎಲ್ಲಿಗೆ ಹೋಯ್ತು ಅಂತ ಅವರೇ ಹುಡುಕಿಸಬೇಕಾಗುತ್ತೆ. ಹುಡುಗ ಬದುಕಿದ್ರೆ ಸಿಗ್ತಾನೆ."

ಬದುಕಿದ್ರೆ ಎನ್ನುವ ಮಾತು ತಾಯಿಯ ಕಿವಿಗೆ ಬೀಳಲೇ ಇಲ್ಲ. ಅವಳಿಗೆ ಕೇಳಿಸಿದ್ದು ಸಿಗ್ತಾನೆ ಎಂಬುದಷ್ಟೇ. ಆ ದಿನಗಳಲ್ಲಿ ತಾಯಿ ಬೀದಿಯಲ್ಲಿ ಹೋಗುವ ಪ್ರತಿ ಗಂಡುಬೆನ್ನಿನಲ್ಲೂ ಮಗನನ್ನು ಕಾಣುತ್ತಿದ್ದಳು. ಒಮ್ಮೆ ಬಸ್ಸಿನಿಂದ ಇಳಿದು ಯಾರದೋ ತೋಳು ಹಿಡಿದು, ಆ ಅಪರಿಚಿತ ಗಾಬರಿಯಿಂದ ಕೊಸರಿಕೊಂಡಾಗ, "ಹಿಂದಿನಿಂದ ಅವನೇ ಕಣೇ, ಮುಂದೆ ತಿರುಗಿದ ಮೇಲೇ ಬದಲಾದ," ಎಂದಿದ್ದಳು.

ಜರಡಿಗೆ ಗೊತ್ತಿದ್ದ ಕೆಲಸ ಒಂದೇ. ಅದನ್ನೇ ಮಾಡಿದಳು. ತುಣುಕಿನ ಪ್ರತಿ ಚೌಕಟ್ಟಿನಿಂದಲೂ ಆ ಮುಖದ ಜಾಗವನ್ನು ಕತ್ತರಿಸಿದಳು. ನೆರಳು, ಮಂಜು, ಅಲುಗಾಟ, ಎಲ್ಲ ಸೇರಿ ರಾಶಿ ಚೂರುಗಳಾದವು. ಕೂರಿಸಲು ಅಚ್ಚು ಬೇಕಲ್ಲ? ತಮ್ಮನ ಗುರುತಿನ ಚೀಟಿಯ ಫೋಟೋ ಕೊಟ್ಟಳು. ಪ್ರಯೋಗಾಲಯದಲ್ಲಿ ದಿನವೂ ಮಾಡುವುದು ಅದೇ ಅಲ್ಲವೇ. ಕೈ ತಾನಾಗಿ ಹಾಗೆ ಹೋಯಿತು. ಬಳೆಗೆ ಬಳೆಯ ಅಚ್ಚು, ತಮ್ಮನಿಗೆ ತಮ್ಮನ ಅಚ್ಚು.

ಮೊದಲ ಸುತ್ತಿನಲ್ಲಿ ಹಣೆ ಬಂತು. ಆಮೇಲೆ ದವಡೆ. ಮುಂದಿನ ಸುತ್ತುಗಳಲ್ಲಿ ಬೂದಿಯ ಒಳಗಿನಿಂದ ಯಾರೋ ಎದ್ದು ಬಂದ ಹಾಗೆ ಕಣ್ಣು, ಮೂಗು, ಎಡಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಗಾಯದ ಗೆರೆ. ತಮ್ಮ.

ತಾಯಿ ತೆರೆಗೆ ಅಂಗೈ ಹಚ್ಚಿ ಕೂತುಬಿಟ್ಟಳು. "ಆ ಹುಬ್ಬು ನೋಡೇ. ತೊಟ್ಟಿಲಿಂದ ಬಿದ್ದಿದ್ದು. ನಾನೇ ನೋಡ್ಕೊಳ್ಳಲಿಲ್ಲ ಅಂತ ನಿಮ್ಮಪ್ಪ ಮೂರು ದಿನ ಮಾತು ಬಿಟ್ಟಿದ್ದರು. ಬೇರೆ ಯಾರಿಗಿದೆ ಆ ಹುಬ್ಬು?" ವಕೀಲೆ ಚಿತ್ರ ನೋಡಿ, ಜರಡಿಯ ಎರಡೂ ಕೈ ಹಿಡಿದು ಒಮ್ಮೆ ಅದುಮಿದಳು.

ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ನಡೆಸುವವನಿಗೆ ತಕರಾರು ಎಂದು ಹೆಸರು. ಸೂರ್ಯ ಹುಟ್ಟಿದ ಅಂದರೂ ಯಾವ ದಿಕ್ಕಿಗೆ ಎಂದು ಕೇಳುವ ಪೈಕಿ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಜರಡಿ ಅವನಿಗೆ ತಮ್ಮನ ಚಿತ್ರ ತೋರಿಸಿದಳು. ಅವನ ಬಾಯಲ್ಲಿ ತುತ್ತಿತ್ತು.

"ಅಕ್ಕಾ, ಅಚ್ಚು ಯಾವುದು ಕೊಟ್ಟೆ?"

"ಅವನ ಫೋಟೋನೇ. ಮತ್ತಿನ್ಯಾರದು ಕೊಡ್ಲಿ?"

ತಕರಾರು ಅಗಿಯುವುದನ್ನು ನಿಲ್ಲಿಸಿದ. "ನನ್ನ ಮೋರೆ ಕೊಟ್ಟು ನೋಡು."

"ಎಲ್ಲದರಲ್ಲೂ ನಿಂದೊಂದು ಇದ್ದದ್ದೇ!" ಜರಡಿಗೆ ಸಿಟ್ಟು ನೆತ್ತಿಗೇರಿತು. "ನಮ್ಮನೆ ಹುಡುಗ ಕಾಣ್ತಿಲ್ಲ, ನಿನಗೆ ತಮಾಷೆ."

"ತಮಾಷೆ ಅಲ್ಲ. ಕೊಟ್ಟು ನೋಡು. ಬರಲಿಲ್ಲ ಅಂದ್ರೆ ಕಾಲಿಗೆ ಬೀಳ್ತೀನಿ."

ಕೊಟ್ಟಳು. ಅದೇ ಚೂರುಗಳು, ಅದೇ ಮಂಜು. ಕೆಲವು ಸುತ್ತು ಕಳೆಯಿತು. ವ್ಯಾನಿನ ಬಾಗಿಲಲ್ಲಿ ತಕರಾರು ಬಂದು ನಿಂತ, ಜೋಲು ಗಲ್ಲ, ಬೋಳು ಹಣೆ ಸಮೇತ. "ಅಯ್ಯಯ್ಯೋ, ನನ್ನನ್ನೂ ಎತ್ತಾಕ್ಕೊಂಡು ಹೋದ್ರಲ್ಲಪ್ಪ," ಎಂದು ಅವನು ನಗಲು ಹೋದ. ಪಕ್ಕಕ್ಕೆ ತಿರುಗಿ ಅವಳ ಮುಖ ಕಂಡ. ನಗು ಅಲ್ಲೇ ಸತ್ತಿತು.

ಆಮೇಲೆ ಅವನು ಹೇಳಲಿಲ್ಲ, ಅವಳೇ ಮಾಡಿದಳು. ಮನುಷ್ಯರೇ ಇಲ್ಲದ ಜಾಗವನ್ನು, ಕಾಂಪೌಂಡಿನ ಬರೀ ಬಿಳಿ ಗೋಡೆಯನ್ನು ಕತ್ತರಿಸಿದಳು. ತಮ್ಮನ ಅಚ್ಚು ಕೊಟ್ಟಳು. ಗೋಡೆಯಿಂದ ತಮ್ಮ ಬಂದ. ಕಣ್ಣು, ಮೂಗು, ಸೀಳಿದ ಹುಬ್ಬು, ಏನೂ ಕಡಿಮೆ ಇರಲಿಲ್ಲ.

ಮರಳಿಗೆ ತನ್ನದೆಂಬ ಮಾತಿಲ್ಲ. ಸಾವಿರ ಚೂರು ಮರಳನ್ನು ಒಂದು ಮುಖದ ಮುಂದೆ ನಿಲ್ಲಿಸಿ, ಇದರಂತೆ ಕಾಣುವ ತನಕ ತಿರುಗು ಎಂದರೆ ಅದು ತಿರುಗುತ್ತದೆ. ಪ್ರತಿ ಚೂರೂ ಕೂದಲೆಳೆಯಷ್ಟು ಒಲಿಯುತ್ತದೆ. ಸಾವಿರ ಒಲವು ಸೇರಿದರೆ ಮುಖವಾಗುತ್ತದೆ. ಈ ಕಸುಬಿನವರಿಗೆ ಇದು ಹಳೆಯ ಎಚ್ಚರಿಕೆ. ಓದಿದ ಕಾಲಕ್ಕೆ ಜರಡಿಯೂ ಇದನ್ನು ಓದಿ ನಕ್ಕಿದ್ದಳು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ಬೇರೆಯವರಿಗೆ ಹೇಳುವುದು ಸುಲಭ. ತನ್ನ ಕಣ್ಣು ಹಳದಿಯಾಗಿದೆ ಎಂದು ತಿಳಿಯಲು ಇನ್ನೊಂದು ಕಣ್ಣು ಬೇಕು.

"ಅಕ್ಕಾ," ಎಂದ ತಕರಾರು, ತುಂಬ ಮೆಲ್ಲಗೆ. "ಬಳೆ?"

ಬಳೆಗೆ ಬಹಳ ಹೊತ್ತೇನೂ ಬೇಕಾಗಲಿಲ್ಲ. ಕೋಶವೇ ಇಲ್ಲದ ಬರೀ ಮಂಜುಗಡ್ಡೆಯ ಚಿತ್ರಗಳನ್ನು ಚೂರು ಮಾಡಿ ದೊಡ್ಡವರ ಅಚ್ಚು ಕೊಟ್ಟಳು. ಬಳೆ ಬಂತು, ಕೊಂಡಿಯೂ ಬಂತು. ಆಮೇಲೆ ಕೊಂಡಿ ತೆಗೆದುಹಾಕಿದ ಅಚ್ಚೊಂದನ್ನು ತಾನೇ ಮಾಡಿ, ನಿಜವಾದ ಈಸ್ಟಿನ ಚೂರುಗಳಿಗೆ ಕೊಟ್ಟಳು. ಮಸುಕಾದ, ಬಡವಾದ ಒಂದು ಬಳೆ ಬಂತು. ಒಳಗೆ ಏನೂ ಇರಲಿಲ್ಲ.

ಗಾಜು ಹಾಕಿಸಿಕೊಂಡು ಮೆಟ್ಟಿಲೆದುರು ನಿಂತದ್ದು ದೊಡ್ಡವರ ತಲೆಯೊಳಗಿನ ಕೊಂಡಿ.

ದೊಡ್ಡವರ ಕೋಣೆಯಲ್ಲಿ ಯಾವಾಗಲೂ ಕಿಟಕಿಯ ಪರದೆ ಎಳೆದಿರುತ್ತಿತ್ತು. ಗಾಜು ಹಾಕಿಸಿದ ಬಳೆ, ಮಂಜುಗಡ್ಡೆಯ ಬಳೆ, ಕೊಂಡಿಯಿಲ್ಲದ ಬಳೆ, ಈ ಮೂರರ ಚಿತ್ರಗಳನ್ನೂ ಜರಡಿ ಮೇಜಿನ ಮೇಲೆ ಇಟ್ಟಳು. ಅವರು ಬೈಯಬಹುದು ಎಂದುಕೊಂಡಿದ್ದಳು. ಅವರು ಒಂದೊಂದನ್ನೂ ಎತ್ತಿ ನೋಡಿ, ಇಸ್ಪೀಟಿನ ಎಲೆಗಳಂತೆ ಜೋಡಿಸಿ ಇಟ್ಟರು.

"ಮಂಜುಗಡ್ಡೆಯನ್ನ ಯಾಕಮ್ಮ ಕೇಳೋಕೆ ಹೋದೆ?"

"ಸರ್, ಕೊಂಡಿ ಇಲ್ಲ."

"ನಿನ್ನ ಚಿತ್ರದಲ್ಲಿ ಇಲ್ಲ. ಪ್ರಕೃತಿಯಲ್ಲಿ ಇದೆ. ಇವತ್ತಲ್ಲ ನಾಳೆ ಇನ್ಯಾರಾದ್ರೂ ನೋಡೇ ನೋಡ್ತಾರೆ. ಆಗ ಮೊದಲು ಹೇಳಿದೋರು ಯಾರು ಅನ್ನೋದಷ್ಟೇ ಉಳಿಯೋದು." ಅವರ ದನಿಯಲ್ಲಿ ಮೋಸವಿರಲಿಲ್ಲ; ಅದೇ ಭಯಂಕರ. ಅವರು ನಂಬಿದ್ದರು. ಚಿತ್ರಗಳನ್ನು ಅವಳ ಕಡೆಗೆ ಸರಿಸಿ, "ನಿನ್ನ ತಮ್ಮನ ಕೇಸು ಎಲ್ಲಿಗೆ ಬಂತು?" ಎಂದರು.

ಜರಡಿಗೆ ತಕ್ಷಣ ಅರ್ಥವಾಗಲಿಲ್ಲ.

"ಚಿತ್ರ ಮಾಡಿದ್ದೀಯಂತೆ. ಗುತ್ತಿಗೆ ಕೆಲಸದವಳು, ಅದೂ ಒಡಹುಟ್ಟಿದೋಳು ತಂದ ಚಿತ್ರವನ್ನ ಯಾವ ಕೋರ್ಟು ನಂಬುತ್ತೆ ಹೇಳು? ನಾನು ಬಂದು ನಿಂತು, ಇದು ಒಪ್ಪಿತ ವಿಧಾನ, ನಮ್ಮಲ್ಲಿ ದಿನಾ ಹೀಗೇ ಮಾಡ್ತೀವಿ ಅಂದ್ರೆ ಆ ಮಾತಿನ ತೂಕ ಬೇರೆ. ಬರ್ತೀನಿ. ನಿನ್ನದನ್ನ ನಾನು ಹಿಡೀತೀನಿ, ನನ್ನದನ್ನ ನೀನು ಹಿಡ್ಕೋ. ಇಬ್ಬರ ಅಚ್ಚೂ ಉಳಿಯುತ್ತೆ."

ಆ ಸಂಜೆ ಅವಳು ಬಸ್ಸು ಹತ್ತದೆ ನಡೆದೇ ಬಂದಳು. ಕಾರ್ಖಾನೆಯ ರಸ್ತೆಯುದ್ದಕ್ಕೂ ಕೂಲಿಗಳು ಅಂಟಿಸಿದ್ದ ತಮ್ಮನ ಭಿತ್ತಿಪತ್ರಗಳಿದ್ದವು. ಯಾರೋ ಕಿತ್ತಿದ್ದರು, ಕೆಲವು ಕಡೆ ಹಣೆ ಮಾತ್ರ ಉಳಿದಿತ್ತು, ಕೆಲವು ಕಡೆ ಗಲ್ಲ. ಗೇಟಿನಿಂದ ಲಾರಿಗಳು ಎಂದಿನಂತೆ ಹೊರಟಿದ್ದವು. ತೊಟ್ಟಿಗಳಿಗೆ ಹೊಸಬರು ಇಳಿಯುತ್ತಿದ್ದರು. ಗಾಳಿಯನ್ನು ಇನ್ನೂ ಯಾರೂ ಅಳೆದಿರಲಿಲ್ಲ. ಜರಡಿ ತನಗೆ ತಾನೇ ಹೇಳಿಕೊಂಡಳು: ಅವರ ಸುಳ್ಳು ಕೊಂಡಿಯಿಂದ ಯಾರ ಮನೆಯ ಒಲೆ ಆರುತ್ತದೆ? ಅದು ಗೋಡೆಯ ಮೇಲೆ ಇರಲಿ. ನನ್ನ ಸುಳ್ಳು ಪೂರ್ತಿ ಸುಳ್ಳೇನಲ್ಲವಲ್ಲ. ವ್ಯಾನಿನಲ್ಲಿದ್ದವನು ತಮ್ಮನೇ, ಅವನಲ್ಲದೆ ಇನ್ಯಾರು? ಚಿತ್ರ ಸುಳ್ಳಾಗಿದ್ದರೂ ಮಾತು ನಿಜ.

ದೊಡ್ಡವರು ಹೇಳಿದ್ದೂ ಅದನ್ನೇ ಅಲ್ಲವೇ ಎಂದು ಅವಳಿಗೆ ಹೊಳೆದದ್ದು ಮನೆಯ ಬಾಗಿಲು ತಟ್ಟಿದ ಮೇಲೆ. ಆಗ ತಾಯಿ ಬಾಗಿಲು ತೆರೆದು, ಅವಳ ಹಿಂದೆ ಬೇರೆ ಯಾರಾದರೂ ಬಂದಿದ್ದಾರೆಯೇ ಎಂದು ಇಣುಕಿ ನೋಡಿದಳು. ಹೊಳೆದದ್ದು ಅಲ್ಲೇ ಆರಿಹೋಯಿತು. ವಕೀಲೆಗೆ ಜರಡಿ ಏನನ್ನೂ ಹೇಳಲಿಲ್ಲ.

ಕೋರ್ಟಿನ ಆ ಕೋಣೆಯಲ್ಲಿ ಫ್ಯಾನು ಕಿರಗುಟ್ಟುತ್ತಿತ್ತು. ತಾಯಿ ತೊಳೆದು ಮಡಿಸಿದ ಮಗನ ಅಂಗಿಯೊಂದನ್ನು ಚೀಲದಲ್ಲಿಟ್ಟು ತಂದಿದ್ದಳು. ಇವತ್ತೇ ಕಳಿಸಿಕೊಟ್ಟರೆ ಹಾಕಿಕೊಳ್ಳಲು ಏನಾದರೂ ಬೇಕಲ್ಲ.

ದೊಡ್ಡವರು ಬಂದರು. ಮಾತು ತಪ್ಪಲಿಲ್ಲ. ಸೊಗಸಾಗಿ ಮಾತಾಡಿದರು. ಬೂದಿಯೊಳಗೆ ಆಕಾರ ಹೇಗೆ ಅಡಗಿರುತ್ತದೆ, ಅದನ್ನು ತಾಳ್ಮೆಯಿಂದ ಹೇಗೆ ಹೊರತೆಗೆಯುತ್ತಾರೆ ಎಂಬುದನ್ನು ಮಕ್ಕಳಿಗೆ ಹೇಳುವಂತೆ ಹೇಳಿದರು. ನ್ಯಾಯಾಧೀಶರು ತಲೆದೂಗಿದರು. ತಾಯಿ ಜರಡಿಯ ಮೊಣಕೈ ಹಿಸುಕಿದಳು.

ಕಾರ್ಖಾನೆಯ ವಕೀಲನಿಗೆ ಆತುರವಿರಲಿಲ್ಲ. ಹಣ ಇದ್ದವರಿಗೆ ಹೇಳಿಕೊಡುವವರಿಗೇನು ಬರ. "ಸ್ವಾಮಿ, ನನಗೆ ವಿಜ್ಞಾನ ಗೊತ್ತಿಲ್ಲ," ಎಂದು ಎದ್ದ. "ಒಂದೇ ಪ್ರಶ್ನೆ. ಈ ವಿಧಾನ, ನಾವು ಏನನ್ನ ಕೊಡ್ತೀವೋ ಅದನ್ನೇ ವಾಪಸ್ ಕೊಡೋ ಸಾಧ್ಯತೆ ಇದೆಯಾ?"

ದೊಡ್ಡವರು ಕನ್ನಡಕ ಸರಿಮಾಡಿಕೊಂಡರು. ಅಷ್ಟೇ ಹೊತ್ತು. "ವಿಧಾನ ಸರಿಯಾಗೇ ಇದೆ. ತಿಳಿಯದವರು ಬಳಸಿದ್ರೆ, ಹಾಗೂ ಆಗಬಹುದು. ಇದನ್ನ ಬಳಸಿದವರು ಅವರು. ನಾನು ಪಕ್ಕದಲ್ಲಿ ಕೂತು ನೋಡಿಲ್ಲ."

ಆಮೇಲೆ ನಡೆದದ್ದೆಲ್ಲ ಆಟದಂತೆ ನಡೆಯಿತು. ಜರಡಿಯನ್ನು ಅಲ್ಲೇ ಕೂರಿಸಿ, ಅವಳ ಲ್ಯಾಪ್‌ಟಾಪಿನಲ್ಲೇ, ಕಾರ್ಖಾನೆಯ ಮ್ಯಾನೇಜರನ ಫೋಟೋವನ್ನು ಅಚ್ಚಾಗಿ ಕೊಡಿಸಿದರು. ಮ್ಯಾನೇಜರ್ ಹಿಂದಿನ ಬೆಂಚಿನಲ್ಲೇ ಕೂತಿದ್ದ. ಸುತ್ತು ಮುಗಿಯುತ್ತಾ ಬಂದಂತೆ ವ್ಯಾನಿನ ಬಾಗಿಲಲ್ಲಿ ಅವನ ದಪ್ಪ ಮೀಸೆ ಮೂಡಿತು. "ಓಹೋ, ನನ್ನನ್ನೇ ಹೊತ್ಕೊಂಡು ಹೋಗಿದಾರೆ, ಹುಡುಕಿಸಿ ಸ್ವಾಮಿ," ಎಂದ. ಕೋರ್ಟು ಘೊಳ್ಳೆಂದಿತು. ನ್ಯಾಯಾಧೀಶರೂ ನಕ್ಕು, ಆಮೇಲೆ ಮೇಜು ಬಡಿದರು.

"ಹೀಗಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತೇನಮ್ಮ?" ಎಂದು ಅವರು ಜರಡಿಯನ್ನು ಕೇಳಿದರು.

ಇಲ್ಲ ಎಂದಿದ್ದರೆ ಹೆಡ್ಡಿ ಎನ್ನಿಸಿಕೊಂಡು ಮನೆಗೆ ಹೋಗಬಹುದಿತ್ತು. ಜರಡಿ ತಿರುಗಿ ನೋಡಿದಳು. ಎಲ್ಲರೂ ನಗುವಾಗ ತಾಯಿ ಒಬ್ಬಳೇ ತೆರೆಯ ಮೇಲಿನ ಮೀಸೆಯ ಮುಖವನ್ನು ದಿಟ್ಟಿಸುತ್ತಿದ್ದಳು, ಅದರ ಹಿಂದೆ ಮಗ ಎಲ್ಲಿ ಹೋದ ಎಂದು ಹುಡುಕುವವಳ ಹಾಗೆ. ಆ ನೋಟದ ಎದುರು ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಗೊತ್ತಿತ್ತು," ಎಂದಳು.

ತಿರುಚಿದ ಸಾಕ್ಷ್ಯ ಎಂದಿತು ಕೋರ್ಟು. ಮುಖದ ಚಿತ್ರವಷ್ಟೇ ಅಲ್ಲ, ಟಯರ್ ಅಂಗಡಿಯ ಮೂಲ ತುಣುಕೂ ಅವಳ ಕೈ ಹಾದು ಬಂದದ್ದರಿಂದ ಅದನ್ನೂ ನಂಬುವಂತಿಲ್ಲ. ಅಂಗಡಿಯ ಕ್ಯಾಮೆರಾದಲ್ಲಿ ಆ ದಿನದ ದೃಶ್ಯ ಅಳಿಸಿಹೋಗಿ ಯಾವ ಕಾಲವಾಗಿತ್ತೋ. ಅರ್ಜಿ ವಜಾ.

ಹೊರಗೆ ಮೆಟ್ಟಿಲಿನ ಮೇಲೆ ವಕೀಲೆ ಕೂತುಬಿಟ್ಟಿದ್ದಳು. ಒಂದು ಚಪ್ಪಲಿ ಕಾಲಿನಿಂದ ಜಾರಿತ್ತು, ಹಾಕಿಕೊಳ್ಳಲು ಹೋಗಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತಾ?"

ಜರಡಿ ಬಗ್ಗಿ, ಜಾರಿದ ಚಪ್ಪಲಿಯನ್ನು ಅವಳ ಕಾಲ ಬಳಿಗೆ ಸರಿಸಿದಳು.

"ವ್ಯಾನೇ ಬಂದಿಲ್ಲ ಅಂದಿದ್ರು ಅವರು. ತುಣುಕಲ್ಲಿ ವ್ಯಾನು ಇತ್ತು. ಯಾರನ್ನೂ ಒಯ್ದಿಲ್ಲ ಅಂದಿದ್ರು. ಒಬ್ಬನನ್ನ ಒಯ್ತಿದ್ರು. ಮುಖ ಇಲ್ಲದಿದ್ರೇನಾಯ್ತು? ಯಾರೋ ಒಬ್ಬ ಮನುಷ್ಯ ಇದ್ದ. ಅದೊಂದನ್ನ ಇಟ್ಕೊಂಡೇ ಅವರ ಸುಳ್ಳನ್ನ ಹಿಡೀತಿದ್ದೆ ನಾನು. ಮುಖ ತನ್ನಿ ಅಂತ ಕೇಳಿದ್ದು ನನ್ನದೂ ಆಸೆಬುರುಕತನ, ಒಪ್ತೀನಿ. ಆದ್ರೆ ಗೊತ್ತಾದ ಮೇಲೆ..." ಮಾತು ಮುಗಿಸಲಿಲ್ಲ. "ಆ ಮಬ್ಬೇ ಸಾಕಾಗಿತ್ತಲ್ಲಮ್ಮ."

ತಾಯಿ ಚೀಲ ಎದೆಗವಚಿಕೊಂಡು ಬಸ್ಸಿನ ಕಡೆ ಆಗಲೇ ನಡೆಯುತ್ತಿದ್ದಳು.

ಪ್ರಯೋಗಾಲಯದಲ್ಲಿ ಗುತ್ತಿಗೆ ಮುಗಿಯಲು ಕೆಲವು ದಿನವಿತ್ತು. ಹೊರಗಿನಿಂದ ಬಂದ ಹಿರಿಯರ ಮುಂದೆ ದೊಡ್ಡವರು ಬಳೆಯ ಬಗ್ಗೆ ಉಪನ್ಯಾಸ ಕೊಡುವ ದಿನ ಜರಡಿ ಕೊನೆಯ ಸಾಲಿನಲ್ಲಿ ಕೂತಳು. ಇನ್ನು ಹಿಡಿದುಕೊಳ್ಳಲು ಅವಳ ಕೈಯಲ್ಲಿ ಏನೂ ಉಳಿದಿರಲಿಲ್ಲ. ಪ್ರಶ್ನೆಗಳ ಹೊತ್ತಿಗೆ ಎದ್ದು ನಿಂತು ಹೇಳಿದಳು: ಖಾಲಿ ಮಂಜುಗಡ್ಡೆಯಿಂದಲೂ ಇದೇ ಕೊಂಡಿ ಬರುತ್ತದೆ, ಅಚ್ಚಿನಿಂದ ಕೊಂಡಿ ತೆಗೆದರೆ ಬಳೆಯಲ್ಲೂ ಕೊಂಡಿ ಇರುವುದಿಲ್ಲ, ನಾನೇ ಮಾಡಿ ನೋಡಿದ್ದೇನೆ. ಒಂದೊಂದು ಮಾತೂ ನಿಜ.

ದೊಡ್ಡವರು ಸಿಟ್ಟಾಗಲಿಲ್ಲ. ಮರುಕದಿಂದ ತಲೆ ತಗ್ಗಿಸಿದರು. "ಇವರ ಮನೆಯಲ್ಲಿ ಬಹಳ ದೊಡ್ಡ ದುಃಖ ಆಗಿದೆ," ಎಂದರು ಹಿರಿಯರ ಕಡೆ ತಿರುಗಿ. "ಕೋರ್ಟಿನಲ್ಲಿ ಏನಾಯ್ತು ಅನ್ನೋದು ಇಲ್ಲಿ ಕೆಲವರಿಗೆ ಗೊತ್ತು. ನಾನು ಅದನ್ನ ಎತ್ತೋದಿಲ್ಲ."

ಎತ್ತಬೇಕಾಗಿಯೂ ಇರಲಿಲ್ಲ. ಸಾಲಿನಿಂದ ಸಾಲಿಗೆ ಪಿಸುಮಾತು ಹರಿದು ಹಿರಿಯರನ್ನು ಮುಟ್ಟಿತು: ಸುಳ್ಳು ಚಿತ್ರ ಮಾಡಿ ಸಿಕ್ಕಿಬಿದ್ದವಳು ಅವಳೇ. ಜರಡಿ ತಕರಾರಿನ ಕಡೆ ನೋಡಿದಳು. ಖಾಲಿ ಗೋಡೆಯಿಂದ ಮುಖ, ಖಾಲಿ ಮಂಜುಗಡ್ಡೆಯಿಂದ ಬಳೆ ಬಂದದ್ದನ್ನು ಅವಳ ಪಕ್ಕ ಕೂತು ನೋಡಿದವನು ಅವನೊಬ್ಬನೇ. ಅವನಿಗೆ ಇಬ್ಬರು ಮಕ್ಕಳು, ವರ್ಷಕ್ಕೊಮ್ಮೆ ನವೀಕರಿಸುವ ಅಂಥದೇ ಗುತ್ತಿಗೆ. ಸೂರ್ಯನ ಮೇಲೂ ತಕರಾರು ತೆಗೆಯುತ್ತಿದ್ದವನು ತನ್ನ ಬೂಟಿನ ದಾರ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದ.

ಒಂದೇ ಕೈಯ ಕಸುಬು, ಒಂದೇ ತಪ್ಪು. ಕೂಲಿಯ ಮನೆಯವಳು ಕೋರ್ಟಿಗೆ ಒಯ್ದರೆ ಅದಕ್ಕೆ ತಿರುಚಿದ ಸಾಕ್ಷ್ಯ ಎಂದು ಹೆಸರು. ದೊಡ್ಡವರು ಗೋಡೆಗೆ ಹಾಕಿದರೆ ಅದಕ್ಕೆ ಗಾಜು. ಹೊರಗೆ ಬರುವಾಗ ಮೆಟ್ಟಿಲೆದುರಿನ ಆ ಗಾಜನ್ನು ಯಾರೋ ಹೊಸದಾಗಿ ಒರೆಸಿದ್ದರು. ಬಳೆಯ ಮೇಲೆ ಅವಳ ಮುಖವೇ ಬಿದ್ದಿತ್ತು, ಕೊಂಡಿಯ ಜಾಗದಲ್ಲಿ ಅವಳ ಬಾಯಿ.

ಮನೆಯಲ್ಲಿ ತಾಯಿ ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಗುಂಡಿ ಗಟ್ಟಿಯಾಗಿಯೇ ಇತ್ತು. ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಕೋರ್ಟಿನಿಂದ ಬಂದಾಗಿನಿಂದ ಅವಳು ಆ ಮಾತೆತ್ತಿರಲಿಲ್ಲ. ಈಗ ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

"ಅವನಲ್ವಾ ಅದು?"

"ಗೊತ್ತಿಲ್ಲಮ್ಮ. ಯಾರಂತ ಗೊತ್ತಾಗಲ್ಲ. ನಾನು ಅವನ ಫೋಟೋ ಕೊಟ್ಟೆ, ಅದಕ್ಕೇ ಅವನು ಬಂದ. ಯಾರ ಫೋಟೋ ಕೊಟ್ರೆ ಅವರು ಬರ್ತಾರೆ."

"ಹುಬ್ಬು ಇತ್ತಲ್ಲೇ."

"ಹುಬ್ಬೂ ಫೋಟೋದಿಂದಲೇ ಬಂದಿದ್ದು. ಬರೀ ಗೋಡೆ ಕೊಟ್ರೂ ಬರುತ್ತೆ. ಮಾಡಿ ನೋಡಿದೀನಿ."

ತಾಯಿ ದಾರವನ್ನು ಹಲ್ಲಿನಿಂದ ಕಡಿದಳು. ಈ ಮಾತಿನ ಭಾರಕ್ಕೆ ಅವಳು ಕುಸಿಯುತ್ತಾಳೆ ಎಂದು ಜರಡಿ ಹತ್ತಿರಕ್ಕೆ ಸರಿದಳು. ತಾಯಿ ಕುಸಿಯಲಿಲ್ಲ. ಸೂಜಿಯನ್ನು ದಾರದ ಉಂಡೆಗೆ ಸಿಕ್ಕಿಸಿದಳು.

"ಬರೀ ಗೋಡೆಯಿಂದ್ಲೂ ಬರ್ತಾನಾ?"

"ಹೂಂ ಅಮ್ಮ."

"ಯಾವ ಗೋಡೆ ಆದ್ರೂ?"

"ಯಾವುದಾದ್ರೂ."

ತಾಯಿ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಎದ್ದು, ತಮ್ಮನ ಮಂಚದ ಪಕ್ಕದ ಗೋಡೆಗೆ ಒರಗಿಸಿದ್ದ ಚಾಪೆ, ಕೊಡೆ, ಹಳೆಯ ಕ್ಯಾಲೆಂಡರು ಎಲ್ಲವನ್ನೂ ತೆಗೆದು ಜಾಗ ಖಾಲಿ ಮಾಡಿದಳು. ಸುಣ್ಣ ಅಲ್ಲಲ್ಲಿ ಉದುರಿತ್ತು. ತಲೆ ತಾಗುತ್ತಿದ್ದ ಕಡೆ ಎಣ್ಣೆಯ ಕಲೆ. ಸೆರಗಿನಿಂದ ಒಮ್ಮೆ ಒರೆಸಿದಳು.

"ಹಾಗಿದ್ರೆ ಇದರ ಫೋಟೋ ಹಿಡಿ," ಎಂದಳು. "ಇದ್ರಿಂದ ಬರ್ಲಿ."

"ಅಮ್ಮ, ಅದು ಅವನಲ್ಲ..."

"ಅವನಲ್ಲ ಅಂತ ನನಗೂ ಗೊತ್ತು. ನಿನ್ನ ಕೋರ್ಟಿಗೂ ಗೊತ್ತು. ಹಿಡಿ ಅಂದ್ನಲ್ಲ."

ಜರಡಿ ಫೋನು ಎತ್ತಿ ಗೋಡೆಯನ್ನು ಹಿಡಿದಳು. ಮತ್ತೆ ಹಿಡಿದಳು. ಬೆಳಕು ಕಡಿಮೆಯಿದ್ದದ್ದರಿಂದ ಚಿತ್ರ ತುಂಬ ಮರಳಾಗಿ ಬಂತು. ಈ ಕೆಲಸಕ್ಕೆ ಅದೇ ಒಳ್ಳೆಯದು. ಕೂತು ಚೂರು ಚೂರಾಗಿ ಕತ್ತರಿಸತೊಡಗಿದಳು. ತಾಯಿ ಪಕ್ಕದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಳು.

ಮೊದಲ ಸುತ್ತಿನಲ್ಲಿ ಹಣೆ ಬಂತು.